ಒಂಬತ್ತು ಅಂಗಡಿ ತಿರುಗಿದ ಮಾಲು

ಆ ವಾರವಿಡೀ ರೇವಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತೈದು ವರ್ಷ ಅರಿಸಿನದ ವ್ಯಾಪಾರ ಮಾಡಿದ ಮನುಷ್ಯ. ಗಾದಿಯ ಮೇಲೆ ಕೂತನೆಂದರೆ ಊಟದ ಡಬ್ಬಿ ಬರುವ ತನಕ ಅಲುಗುವ ಪೈಕಿ ಅಲ್ಲ. ಅಂಥವನು ಈಗ ಹತ್ತು ನಿಮಿಷಕ್ಕೊಮ್ಮೆ ಎದ್ದು ಬಾಗಿಲಿಗೆ ಬರುವುದೇನು, ರಸ್ತೆ ನೋಡುವುದೇನು, ಗೊಣಗುತ್ತ ತಿರುಗಿ ಬಂದು ಕೂರುವುದೇನು! ಇದಕ್ಕೆಲ್ಲ ಕಾರಣ ಡೆನ್ಮಾರ್ಕ್ ಎಂಬ ದೇಶದಿಂದ ಬಂದು, ವಿಶ್ರಾಮಬಾಗದ ಅವನ ಮನೆಯ ಮಾಳಿಗೆಯ ಕೋಣೆಯಲ್ಲಿ ಇಳಿದುಕೊಂಡಿದ್ದ ಒಬ್ಬ ಆಸಾಮಿ.

ಆಸಾಮಿಯ ಹೆಸರು ಯೆಪ್ಪೆ ಕ್ರೋಗ್. ಆರಡಿ ಮೂರಿಂಚು ಎತ್ತರ, ಮೂವತ್ತಾರು ವಯಸ್ಸು, ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತು. ಫುಟ್‌ಬಾಲಿನಲ್ಲಿ ಅವನು ಡಿಫೆಂಡರ್, ಅಂದರೆ ಗೋಲು ಹೊಡೆಯುವವನಲ್ಲ, ಹೊಡೆಯಗೊಡದವನು. ರೇವಪ್ಪನ ಹೆಂಡತಿ ನೀಲಾಬಾಯಿಗೆ ಮೊದಲ ದಿನ ಆ ಹೆಸರು ಕೇಳಿ ನಗು ತಡೆಯಲಾಗಲಿಲ್ಲ. “ಅಯ್ಯ ಶಿವನೇ, ಇವನ್ನ ಊಟಕ್ಕ ಕರದ್ರ ನಮ್ಮಪ್ಪನ್ನ ಕರದಂಗ ಆಕ್ಕೈತಿ ನೋಡ್ರಿ! ಯಪ್ಪಾ, ಬಾ, ಉಣ್ಣು!” ಅಂದಳು. ಆಮೇಲೆ ಹಾಗೆಯೇ ಕರೆಯತೊಡಗಿದಳು. ಅವನೂ ಯಪ್ಪಾ ಎಂದರೆ ಓಗೊಟ್ಟು, ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದು, ಐದು ರೊಟ್ಟಿ ತಿಂದು ಎದ್ದು ಹೋಗುತ್ತಿದ್ದ.

ಅವನು ಇಲ್ಲಿಗೆ ಬಂದದ್ದು ಹೀಗೆ. ಮಿರಜಿನ ನವಯುಗ ತಾಲೀಮಿಗೆ ರೇವಪ್ಪ ಅಧ್ಯಕ್ಷ. ತಾಲೀಮು ಅಂದರೆ ಗರಡಿಮನೆ, ಆದರೆ ಈಗ ಅಲ್ಲಿ ಕುಸ್ತಿಗಿಂತ ಫುಟ್‌ಬಾಲಿನದೇ ದರ್ಬಾರು. ಹನ್ನೊಂದು ವರ್ಷದಿಂದ ರೇವಪ್ಪ ಮಿರಜ ಚಷಕ ಗೆಲ್ಲಬೇಕೆಂದು ಹಟ ಹಿಡಿದಿದ್ದ. ಮೂರು ಸಲ ಫೈನಲ್ಲಿಗೆ ಹೋಗಿ ಮೂರು ಸಲವೂ ಮುಖ ಸಣ್ಣದು ಮಾಡಿಕೊಂಡು ಬಂದಿದ್ದರು. ಹೋದ ವರ್ಷವಂತೂ ನಾಲ್ಕು ಗೋಲು! ತಂಡಕ್ಕೊಬ್ಬ ಪರದೇಶದ ಆಟಗಾರ ಇರಬಹುದೆಂದು ಈ ವರ್ಷ ನಿಯಮ ಬಂದಾಗ ಅವನ ಮಗ ಈರೇಶ ಓಡಾಡಿದ. ಗೋವಾದ ಒಂದು ಕ್ಲಬ್ಬು ಯೆಪ್ಪೆಯನ್ನು ಕೈಬಿಟ್ಟಿತ್ತು. ಈರೇಶ ಹೋಗಿ ಕರೆದುಕೊಂಡು ಬಂದ.

ಬಂದವನ ಆಟ ನೋಡಿ ಮಿರಜಿನ ಜನ ಮೊದಲು ನಕ್ಕರು. ಇವನೇನು ಓಡುವುದೇ ಇಲ್ಲವಲ್ಲ ಮಾರಾಯಾ, ನಿಂತೇ ಇರುತ್ತಾನಲ್ಲ! ಆದರೆ ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿಗೆ ಅವನು ಮೊದಲೇ ಹೋಗಿ ನಿಂತಿರುತ್ತಿದ್ದ. ಬೆನ್ನ ಮೇಲೆ ನಾಲ್ಕನೇ ನಂಬರು. ಆಡಿದ ಕಡೆಯಲ್ಲೆಲ್ಲ ತನಗೆ ಇದೇ ನಾಲ್ಕು ಎಂದು ಅಂಗಿ ಕೊಟ್ಟ ದಿನ ಬೆರಳೆತ್ತಿ ತೋರಿಸಿದ್ದ. ನಾಲ್ಕು ಆಟದಲ್ಲಿ ನವಯುಗಕ್ಕೆ ಬಿದ್ದದ್ದು ಒಂದೇ ಗೋಲು. ಸೆಮಿಫೈನಲ್ ಗೆದ್ದ ದಿನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವರಲ್ಲಿ ಅರವತ್ತು ದಾಟಿದ ರೇವಪ್ಪನೂ ಇದ್ದ.

ಆ ಒಳ್ಳೆಯ ದಿನಗಳಲ್ಲಿ ಒಮ್ಮೆ ಸೊಸೆ ಪ್ರಾಜಕ್ತಾ ಯೆಪ್ಪೆಯನ್ನು ಯಾರ್ಡು ತೋರಿಸಲು ಕರೆತಂದಿದ್ದಳು. ಪ್ರಾಜಕ್ತಾ ಕಾಲೇಜಿನಲ್ಲಿ ಕಲಿಸುವವಳು, ಮನೆಯಲ್ಲಿ ಅವನೊಡನೆ ಇಂಗ್ಲಿಷಿನಲ್ಲಿ ಮಾತಾಡುವವಳು ಅವಳೇ. ಅಲ್ಲಿ ಇಬ್ಬರು ಮುದುಕ ವ್ಯಾಪಾರಿಗಳು ಟವಲಿನ ಕೆಳಗೆ ಕೈ ಸೇರಿಸಿ ಚೌಕಾಸಿ ಮಾಡುತ್ತಿದ್ದರು. ಇದು ಹಳೆಯ ರೂಢಿ. ಬಾಯಲ್ಲಿ ಮಾತಿಲ್ಲ, ಎದುರಿನವನ ಎಷ್ಟು ಬೆರಳು ಹಿಡಿದು ಒತ್ತಿದೆಯೋ ಅದು ನಿನ್ನ ಅಂಕಿ. ಒಪ್ಪದಿದ್ದರೆ ಅವನು ಕೈ ಎಳೆದುಕೊಳ್ಳುತ್ತಾನೆ, ಒಪ್ಪಿದರೆ ತಿರುಗಿ ಹಿಂಡುತ್ತಾನೆ. ಈಗೆಲ್ಲ ಬಾಯಿಯ ಹರಾಜು, ಮೊಬೈಲಿನ ಹರಾಜು, ಆದರೂ ರೇವಪ್ಪನ ಹೆಗಲ ಮೇಲಿನ ಟವಲು ಇಳಿದಿರಲಿಲ್ಲ. ಯೆಪ್ಪೆ ತಾನೂ ಕಲಿಯುತ್ತೇನೆಂದು ಕೈ ಚಾಚಿದ. ರೇವಪ್ಪ ಟವಲು ಹಾಕಿ ಒಂದು, ಎರಡು, ಮೂರು, ನಾಲ್ಕು ಕಲಿಸಿದ. ನಾಲ್ಕು ಬಂದಾಗ ಯೆಪ್ಪೆ ತನ್ನ ಬೆನ್ನನ್ನು ತೋರಿಸಿ ಗಟ್ಟಿಯಾಗಿ ನಕ್ಕ.

ಸೆಮಿಫೈನಲ್ಲಿನ ಮರುದಿನ ಸೋಮವಾರ ಆ ಸಂತೋಷಕ್ಕೆ ಹುಳ ಬಿತ್ತು. ಬಿಟ್ಟವನು ಹರ್ಷದ. ಯಾರ್ಡಿನಲ್ಲಿ ಎದುರು ಅಂಗಡಿಯವನು, ಫೈನಲ್ಲಿನ ಎದುರಾಳಿ ತಂಡಕ್ಕೆ ಆಶ್ರಯದಾತ. ರೇವಪ್ಪ ಪೇಢೆ ಹಂಚುತ್ತಿದ್ದಾಗ ಒಂದನ್ನು ಬಾಯಿಗೆ ಹಾಕಿಕೊಂಡು ಹರ್ಷದ ಅಂದ: “ರೇವಪ್ಪಾಶೇಟ, ನೀವು ಮೂರು ಅಂಗಡಿ ತಿರಗಿದ ಮಾಲ ಮುಟ್ಟಾವರಲ್ಲ. ಈಗ ಒಂಬತ್ತು ಅಂಗಡಿ ತಿರಗಿದ್ದು ಮನಿಗೇ ತಂದ ಇಟ್ಕೊಂಡೀರಲ್ಲ!”

ಸುತ್ತ ಇದ್ದವರು ಹೋ ಎಂದು ನಕ್ಕರು. ರೇವಪ್ಪನೂ ನಕ್ಕ, ಆದರೆ ಕೈಯಲ್ಲಿದ್ದ ಪೇಢೆಯನ್ನು ತಿರುಗಿ ಡಬ್ಬಿಗೆ ಹಾಕಿದ.

ಇದೇನೆಂದು ಹೇಳಬೇಕು. ಅರಿಸಿನ ಕೊಳ್ಳುವವನಿಗೆ ಎರಡು ಪರೀಕ್ಷೆ. ಒಂದು, ಕೊಂಬನ್ನು ಕೈಯಲ್ಲಿ ಮುರಿದು ಒಳಗಿನ ಬಣ್ಣ ನೋಡುವುದು, ಏಕೆಂದರೆ ಮೇಲಿನ ಹೊಳಪು ಯಾರು ಬೇಕಾದರೂ ತರಿಸಬಹುದು. ಎರಡು, ಈ ಮಾಲು ಇಲ್ಲಿಗೆ ಬರುವ ಮೊದಲು ಎಷ್ಟು ಅಂಗಡಿಯ ಮುಂದೆ ಇಳಿದು ಎದ್ದಿದೆ ಎಂದು ಕೇಳುವುದು. ಒಂದು ಅಂಗಡಿಯವನು ಬೇಡ ಅಂದರೆ ಅವನ ಹುಚ್ಚು ಅನ್ನಬಹುದು. ಮೂರನೆಯವನೂ ಬೇಡ ಅಂದನೆಂದರೆ ಮುಗಿಯಿತು, ಎಲ್ಲೋ ಹುಳ ಇದೆ. ರೇವಪ್ಪ ಅಂಥ ಮಾಲಿನ ಚೀಲ ಬಿಚ್ಚಿಸಿ ಸಹ ನೋಡಿದವನಲ್ಲ. ಈ ಎರಡನೇ ಪರೀಕ್ಷೆಯಿಂದಲೇ ಅವನು ಯಾರ್ಡಿನಲ್ಲಿ ಹೆಸರು ಮಾಡಿದ್ದು.

ಆ ಸಂಜೆ ಅವನು ಪ್ರಾಜಕ್ತಾಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಅವಳಿಗೆ ಕನ್ನಡ ತಿಳಿದಷ್ಟು ಆಡಲು ಬರುತ್ತಿರಲಿಲ್ಲ, ನಡುನಡುವೆ ಮರಾಠಿ ನುಸುಳುತ್ತಿತ್ತು.

“ಬಾಬಾ, ಹೇ ಬಘಾ,” ಎಂದು ಅವಳು ಪಟ್ಟಿ ಓದಿದಳು. “ಡೆನ್ಮಾರ್ಕ, ನಾರ್ವೆ, ಐಸ್‌ಲ್ಯಾಂಡ, ಮತ್ತ ನಾರ್ವೆ, ಹಂಗೇರಿ, ಸೈಪ್ರಸ, ಮಲೇಶಿಯಾ, ಥಾಯ್ಲಂಡ, ಗೋವಾ. ಹದಿನಾಲ್ಕ ವರ್ಷ.”

“ಯಾಕ ಬಿಟ್ರಂತ ಬರದಾರೇನು?”

“ಅದು ಬರಿಯೂದಿಲ್ಲ. ಆದ್ರ ಒಂದು ಕಾಣತದ. ಇವರು ಹೋದಲ್ಲೆಲ್ಲ ಆ ಟೀಮ ಬುಡಕ್ಕ ಹತ್ತಿತ್ತು. ಇವರು ಹೋದ ವರ್ಷ ಮ್ಯಾಲ ಬಂತು. ಮ್ಯಾಲ ಬಂದ ಮ್ಯಾಲ ಇವರನ್ನ ಬಿಟ್ಟರು. ಹರ ವೇಳೀ, ಹರ ಸಲ ಹಂಗs.”

“ಚಲೋ ಮಾಲ ಯಾರರೆ ಬಿಡ್ತಾರೇನವಾ!” ಎಂದು ರೇವಪ್ಪ ರೇಗಿದ.

ಪ್ರಾಜಕ್ತಾ ಕನ್ನಡಕ ತೆಗೆದು ಮಾವನನ್ನು ನೋಡಿದಳು. “ಅವರು ನಿನ್ನೆ ಹೇಳಿದ್ರು, ಇದು ಅವರ ಮೊದಲನೇ ಫೈನಲ್. ಇಷ್ಟು ವರ್ಷದಾಗ ಒಂದೂ ಆಡಿಲ್ಲಂತ. ಇದು ಆಡಿ ಬೂಟ ಬಿಚ್ಚಿಡತೇನಿ ಅಂದ್ರು.”

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದರು. ರೇವಪ್ಪನ ತಲೆಗೆ ಹೋದದ್ದೇ ಬೇರೆ. ಹದಿನಾಲ್ಕು ವರ್ಷ ಆಡಿದವನಿಗೆ ಒಂದು ಫೈನಲ್ ಸಿಕ್ಕಿಲ್ಲವೆಂದರೆ, ಒಂಬತ್ತು ಕಡೆಯವರೂ ಸರಿಯಾಗಿ ಅಂಥ ಹೊತ್ತಿನಲ್ಲೇ ಇವನನ್ನು ದೂರ ಇಟ್ಟರೆಂದರೆ, ಅವರಿಗೆಲ್ಲ ಗೊತ್ತಿದ್ದದ್ದು ತನಗೊಬ್ಬನಿಗೆ ಗೊತ್ತಿಲ್ಲ.

ಆಗ ಶುರುವಾಯಿತು ಹುಳ ಹುಡುಕುವ ಕೆಲಸ. ಊಟದ ಹೊತ್ತಿಗೆ ಯೆಪ್ಪೆಯ ಕೈ ನಡುಗುತ್ತದೋ ಎಂದು ನೋಡಿದ. ಮೆಟ್ಟಿಲಿಳಿಯುವಾಗ ಮೊಣಕಾಲು ನೋಡಿದ. ಆ ಮನುಷ್ಯನಿಗೂ ಒಂದು ಕಡೆ ನಿಲ್ಲುವ ಚಟವಿರಲಿಲ್ಲ. ಫೋನು ಬಂದರೆ ಅಂಗಳವನ್ನು ಇಪ್ಪತ್ತು ಸುತ್ತು ಹಾಕುತ್ತಿದ್ದ, ಚಹಾವನ್ನು ನಿಂತೇ ಕುಡಿಯುತ್ತಿದ್ದ. ಬುಧವಾರ ಸಂಜೆ ಹೊರಟವನ ಹಿಂದೆ ರೇವಪ್ಪ ರಿಕ್ಷಾ ಮಾಡಿಕೊಂಡು ಹೋದ. ಅಧ್ಯಕ್ಷರಾದವರು ಮಾಡುವ ಕೆಲಸವೇ ಇದು! ಯೆಪ್ಪೆ ಮಿರಜ ಜಂಕ್ಷನ್ನಿನ ಸೇತುವೆ ಹತ್ತಿ ಅರ್ಧ ತಾಸು ಗಾಡಿಗಳನ್ನು ನೋಡುತ್ತ ನಿಂತ. ಬರುವ ಗಾಡಿ ನೋಡಿದ, ಹೋಗುವ ಗಾಡಿ ನೋಡಿದ. ಓಡಿ ಹೋಗುವವನು ಮತ್ತೇನು ನೋಡುತ್ತಾನೆ?

ಶುಕ್ರವಾರ ಮಧ್ಯಾಹ್ನ, ಯೆಪ್ಪೆ ಅಭ್ಯಾಸಕ್ಕೆ ಹೋಗಿದ್ದಾಗ, ರೇವಪ್ಪ ಮಾಳಿಗೆ ಹತ್ತಿದ. ಕೋಣೆಯ ಬಾಗಿಲ ಪಕ್ಕದಲ್ಲೇ ಅವನ ದೊಡ್ಡ ನೀಲಿ ಚೀಲ ಸಜ್ಜಾಗಿ ನಿಂತಿತ್ತು, ಹೆಗಲಪಟ್ಟಿ ಮಡಚಿ ಮೇಲಿಟ್ಟಿತ್ತು. ಎತ್ತಿಕೊಂಡು ನಡೆಯುವುದೊಂದೇ ಬಾಕಿ. ಹರ್ಷದ ಇವನನ್ನು ಕೊಂಡುಕೊಂಡಿದ್ದಾನೆ, ಫೈನಲ್ಲಿನ ಹೊತ್ತಿಗೆ ಇವನು ಕೈಕೊಡುತ್ತಾನೆ ಎಂದು ರೇವಪ್ಪ ಅಲ್ಲೇ ತೀರ್ಮಾನ ಮಾಡಿಬಿಟ್ಟ. ಕೆಳಗಿಳಿದವನೇ ಗೋವಾ ಕಡೆಯ ಗಾಡಿಗೆ ಭಾನುವಾರ ಬೆಳಗಿನ ಟಿಕೀಟು ತೆಗೆಸಿದ.

ಶನಿವಾರ ಬೆಳಿಗ್ಗೆ ಮನೆಯಲ್ಲಿ ರಣರಂಗ.

“ಯೆಪ್ಪೆ ಆಡೂದಿಲ್ಲ. ಅವನ ಜಾಗಾದಾಗ ಧೀರಜ ಆಡ್ಲಿ,” ಎಂದ ರೇವಪ್ಪ.

“ಅಪ್ಪಾ, ನಿಮಗ ತಲಿ ಕೆಟ್ಟೈತೇನು?” ಈರೇಶ ಕೂಗಿದ. “ಧೀರಜ ಚಲೋ ಹುಡುಗ, ಖರೆ. ಆದ್ರ ಇಂಥಾ ಫೈನಲ್ಲಿನ್ಯಾಗ? ಎರಡು ಗೋಲು ಮೊದಲನೇ ಅರ್ಧದಾಗ ತಿಂತೇವಿ!”

“ತಿಂದ್ರ ತಿನ್ನೂಣು. ಮೋಸ ತಿನ್ನೂದು ಬ್ಯಾಡ. ಚೀಲ ಕಟ್ಟಿ ಬಾಗಲದಾಗ ಇಟ್ಟಾನ ಅವಾ.”

“ಯಾರು ಮೋಸ ಮಾಡ್ಯಾರ? ನಾ ಹೇಳೂದಿಲ್ಲ ಅವರಿಗೆ. ಇಷ್ಟ ಐತಿ ಅಂದ್ರ ನೀವ ಹೋಗಿ ಹೇಳ್ರಿ.”

ನೀಲಾಬಾಯಿ ಹಿಟ್ಟಿನ ಕೈಯಲ್ಲೇ ಹೊರಬಂದಳು. “ಅಲ್ರಿ, ಆ ಚೀಲದ ಸುದ್ದಿ ಅಂದ್ರ...”

“ನೀ ರೊಟ್ಟಿ ನೋಡ್ಕೊ ಹೋಗು!” ಎಂದು ರೇವಪ್ಪ ಗದರಿದ. ನೀಲಾಬಾಯಿ ಆತು ಎಂದು ತಿರುಗಿ ಹೋದಳು.

ತಾನೇ ಮಾಳಿಗೆ ಹತ್ತಬೇಕಾಯಿತು. ರೇವಪ್ಪನಿಗೆ ಬರುತ್ತಿದ್ದ ಇಂಗ್ಲಿಷು ಹತ್ತೋ ಹನ್ನೆರಡೋ ಮಾತು. “ಟುಮಾರೋ ನೋ ಪ್ಲೇ. ಧೀರಜ ಪ್ಲೇ,” ಎಂದು ಟಿಕೀಟು ಮುಂದೆ ಹಿಡಿದ.

ಜಗಳವಾಡಲು ಸೊಂಟ ಕಟ್ಟಿಕೊಂಡೇ ಹೋಗಿದ್ದ. ಯೆಪ್ಪೆ ಟಿಕೀಟು ನೋಡಿದ, ದಿನ ನೋಡಿದ, ಹೊತ್ತು ನೋಡಿದ. ಮುಖದಲ್ಲಿ ಏನೋ ಒಂದು ಬಂದು ಹೋಯಿತು. “ಓಕೆ,” ಎಂದ. ಅಷ್ಟೇ. ಯಾಕೆ ಎಂದು ಕೇಳಲಿಲ್ಲ! ಒಳ್ಳೆಯ ಮಾಲಿನವನಿಗೆ ಬೇಡ ಅಂದರೆ ಯಾರ್ಡು ಕಿತ್ತುಹೋಗುವಂತೆ ಕೂಗಾಡುತ್ತಾನೆ, ಸುಮ್ಮನೆ ಚೀಲ ಎತ್ತಿಕೊಂಡು ಹೋಗುವವನಿಗೆ ತನ್ನ ಮಾಲಿನ ಹುಳ ಗೊತ್ತಿರುತ್ತದೆ. ರೇವಪ್ಪನ ಅನುಮಾನ ಗಟ್ಟಿಯಾಯಿತು, ಆದರೆ ಮೆಟ್ಟಿಲಿಳಿಯುವಾಗ ಕಾಲು ಹಗುರಾಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಧೀರಜ ಬಂದ. ಇಪ್ಪತ್ತೇಳರ ಗಟ್ಟಿ ಆಳು, ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದವನು, ಅಪ್ಪನ ಕಾಲದಲ್ಲಿ ಅಥಣಿ ಕಡೆಯಿಂದ ಬಂದ ಮನೆತನ. “ಯೆಪ್ಪೆ ಸಾಹೇಬ್ರು ಕರಸ್ಯಾರ್ರಿ,” ಎಂದು ತಲೆ ತಗ್ಗಿಸಿ ಹೇಳಿದ. ಯೆಪ್ಪೆ ಕೆಳಗೆ ಬಂದು ಸುತ್ತ ನೋಡಿ, ಮೂಲೆಯಲ್ಲಿದ್ದ ಮಾದರಿ ಅರಿಸಿನದ ತಟ್ಟೆ ಎತ್ತಿಕೊಂಡು ನೆಲದ ಮೇಲೆ ಕೂತ. ರೇವಪ್ಪ ಆ ಮನುಷ್ಯ ಕೂತದ್ದನ್ನು ಸರಿಯಾಗಿ ನೋಡಿದ್ದು ಅಂದೇ. ಅರಿಸಿನದ ಕೊಂಬುಗಳನ್ನು ಹಾಸುಗಲ್ಲಿನ ಮೇಲೆ ಹನ್ನೊಂದು ಈ ಕಡೆ, ಹನ್ನೊಂದು ಆ ಕಡೆ ಇಟ್ಟ. ಎದುರಾಳಿಯ ಒಂಬತ್ತನೇ ನಂಬರಿನವನು ಎಡಕ್ಕೆ ನೋಡಿ ಬಲಕ್ಕೆ ಓಡುತ್ತಾನೆ, ಅವನ ಕಣ್ಣು ನೋಡಬೇಡ, ಸೊಂಟ ನೋಡು ಎಂದು ಕೈಯಲ್ಲೇ ತೋರಿಸಿದ. ಕೊಂಬು ಸರಿಸಿದ, ಧೀರಜನ ಕೈಯಿಂದ ಸರಿಸಿಸಿದ, ತಪ್ಪಿದರೆ ತಲೆಯಾಡಿಸಿ ಮೊದಲಿನಿಂದ ಇಟ್ಟ. ಹೀಗೆ ಎರಡು ತಾಸು. ತನ್ನ ಜಾಗದಲ್ಲಿ ನಿಲ್ಲುವವನಿಗೆ.

ಕೊನೆಗೆ ಧೀರಜ ಹೊರಗೆ ಬಂದು ರೇವಪ್ಪನ ಮುಂದೆ ನಿಂತ. “ಶೇಟಜೀ, ನಾಳಿ ಆಡತೇನ್ರಿ. ನೀವು ಹೇಳಿದ ಮ್ಯಾಲ ಇಲ್ಲ ಅನ್ನಾಕ ಬರೂದಿಲ್ಲ. ಆದ್ರ ನನಗ ನಾಚಿಕಿ ಬರ್ತೈತ್ರಿ,” ಎಂದು ಚಪ್ಪಲಿ ಮೆಟ್ಟಿ ಹೋದ. ಮೋಸ ಮಾಡುವವನು ಎರಡು ತಾಸು ಕಲಿಸುತ್ತಾನೆಯೇ ಎಂದು ರೇವಪ್ಪನಿಗೆ ಅನಿಸಿತು. ಅನಿಸಿದ್ದನ್ನು ತಕ್ಷಣ ನೂಕಿಬಿಟ್ಟ. ಟಿಕೀಟು ತೆಗೆಸಿಯಾಗಿತ್ತು, ಮಾತು ಆಡಿಯಾಗಿತ್ತು.

ಭಾನುವಾರ ಒಂಬತ್ತೂವರೆಗೆ ಈರೇಶ ಕಾರು ತೆಗೆದ. ಯೆಪ್ಪೆಯನ್ನು ಸ್ಟೇಶನ್ನಿನಲ್ಲಿ ಇಳಿಸಿ ಅವನು ಹಾಗೇ ಮೈದಾನಕ್ಕೆ ಹೋಗುವುದಿತ್ತು. ನೀಲಾಬಾಯಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಯೆಪ್ಪೆ ಅವಳ ಕಾಲು ಮುಟ್ಟಿದ, ರೇವಪ್ಪನಿಗೆ ಕೈ ಕುಲುಕಿದ. ನೀಲಿ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ತಲೆ ತಗ್ಗಿಸಿ ಹೊರಗೆ ಹೋದ.

ನೀಲಾಬಾಯಿ ಮಾಳಿಗೆ ಹತ್ತಿ ಕೋಣೆ ಗುಡಿಸಿ ಇಳಿದು ಬಂದಳು. ಕೈಯಲ್ಲಿ ಕಪಾಟಿಗೆ ಹಾಸಿದ್ದ ಹಳೆಯ ವರ್ತಮಾನ ಪತ್ರಿಕೆಗಳಿದ್ದವು. ಅವನ್ನು ರೇವಪ್ಪನ ಮುಂದೆ ಬಿಸಾಡಿದಳು.

“ಏನಿದು?”

“ಅವನ ಕಪಾಟಿನ್ಯಾಗಿನವು. ಅವನs ಹಾಸಿದ್ದ. ಸೆಮಿಫೈನಲ್ ಗೆದ್ದ ದಿನ ಚೀಲದಾಗಿನ ಬಟ್ಟಿ ಎಲ್ಲಾ ತಗದು ಕಪಾಟಿನ್ಯಾಗ ಇಟ್ಟಿದ್ದ. ಚೀಲ ಖಾಲಿ ಇತ್ರಿ.”

“ಖಾಲಿ ಇತ್ತಾ? ಬಾಗಲದಾಗ ಇಟ್ಟಿದ್ದನಲ್ಲ!”

“ಧೀರಜಗ ಕೊಡಬೇಕಂತ ಇಟ್ಟಿದ್ದ! ಇನ್ನ ನನಗ ಚೀಲ ಬ್ಯಾಡ ಅಂದಿದ್ದನಂತ ಪ್ರಾಜಕ್ತಾನ ಮುಂದ. ಆಟ ಬಿಟ್ಟ ಮ್ಯಾಲ ಇಲ್ಲೇ ತಾಲೀಮಿನ್ಯಾಗ ಕಲಸ್ಕೋತ ಇರಬೇಕಂತಿದ್ದ. ಹದಿನಾಲ್ಕು ವರ್ಷದಾಗ ಎಲ್ಲೂ ಕಪಾಟಿನ್ಯಾಗ ಬಟ್ಟಿ ಇಟ್ಟಿದ್ದಿಲ್ಲಂತ. ಫೈನಲ್ ಆದ ಮ್ಯಾಲ ತಾನs ನಿಮ್ಮನ್ನ ಕೇಳಾವಿದ್ದ, ಅಲ್ಲೀ ತನಕ ನಿಮಗ ಹೇಳಬ್ಯಾಡ ಅಂದಿದ್ದ. ನಿನ್ನೆ ಹೇಳಾಕ ಬಂದ್ರ ರೊಟ್ಟಿ ನೋಡ್ಕೊ ಅಂದ್ರಿ. ನೋಡ್ಕೊಂಡೆ. ಕಟ್ಟಿ ಕಳಿಸೀನಿ!” ನೀಲಾಬಾಯಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ರೇವಪ್ಪ ಗಾದಿಯ ಮೇಲೆ ಕುಸಿದ. ಮೂವತ್ತೈದು ವರ್ಷ ಕೊಂಬು ಮುರಿದು ಒಳಗೆ ನೋಡಿದವನು, ಕೈಯಳತೆಯಲ್ಲಿದ್ದ ಒಂದು ಚೀಲ ಬಿಚ್ಚಿ ನೋಡಲಿಲ್ಲವಲ್ಲ! ಆಗ ಒಂಬತ್ತು ಅಂಗಡಿಯ ಲೆಕ್ಕವೂ ಅವನಿಗೆ ತಿಳಿಯಿತು. ಎರಡನೆಯವನು ಮೊದಲನೆಯವನನ್ನು ನೋಡಿ ಬಿಟ್ಟ, ಮೂರನೆಯವನು ಎರಡನೆಯವನನ್ನು ನೋಡಿ. ಅವರು ಬಿಟ್ಟಿದ್ದಾರೆಂದರೆ ಏನೋ ಇರಬೇಕು ಎಂದು ಒಬ್ಬೊಬ್ಬನೂ ರೇವಪ್ಪನ ಹಾಗೇ ಜಾಣನಾದ. ಹುಳ ಇದ್ದದ್ದು ಮಾಲಿನಲ್ಲಲ್ಲ. ಅಯ್ಯೋ, ಅವನನ್ನು ಮಾಲು ಎಂದವನ ಬಾಯಿಗೆ ಬೆಂಕಿ ಹಾಕಬೇಕು ಎಂದುಕೊಂಡ, ಚಪ್ಪಲಿ ಎಲ್ಲಿ ಎಂದು ಹುಡುಕುತ್ತ. ಸಿಗಲಿಲ್ಲ. ಬರಿಗಾಲಲ್ಲೇ ರಸ್ತೆಗೆ ಬಂದು ರಿಕ್ಷಾಕ್ಕೆ ಕೈ ಮಾಡಿದ.

ಈರೇಶನಿಗೆ ಫೋನು ಹಚ್ಚಿದ, ಎತ್ತಲಿಲ್ಲ. ಎತ್ತುವಂಥ ಅಪ್ಪನೇ ತಾನು? ಹನ್ನೊಂದು ಗಂಟೆಯ ಗಾಡಿ, ಮಿರಜಿನ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. “ಸರಕವೋ ಭಾವು, ಜರಾ ಸರಕವೋ!” ಎಂದು ರಿಕ್ಷಾದಿಂದ ತಲೆ ಹೊರಹಾಕಿ ಮರಾಠಿಯಲ್ಲಿ ಗೋಗರೆದ, ಸರಿಯದವರಿಗೆ ಕನ್ನಡದಲ್ಲಿ ಬೈದ.

ಸ್ಟೇಶನ್ನು ಮುಟ್ಟಿದಾಗ ಗಾಡಿ ಬಂದು ನಿಂತಿತ್ತು. ಸೇತುವೆಯ ಮೇಲಿನಿಂದಲೇ ಕಂಡಿತು ಆ ಎತ್ತರದ ತಲೆ. ಎಲ್ಲರೂ ಹತ್ತುತ್ತಿದ್ದರು, ಯೆಪ್ಪೆ ರೊಟ್ಟಿಯ ಗಂಟು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಚೀಲ ಎತ್ತುತ್ತಿದ್ದ.

“ಯಪ್ಪಾ!” ರೇವಪ್ಪ ಕೂಗಿದ. “ಯಪ್ಪಾ, ನಿಲ್ಲೋ!”

ಇಡೀ ಪ್ಲಾಟ್‌ಫಾರ್ಮು ತಿರುಗಿ ನೋಡಿತು. ಬರಿಗಾಲಿನ ಮುದುಕನೊಬ್ಬ ಬಿಳಿ ಮನುಷ್ಯನನ್ನು ಅಪ್ಪಾ ಎಂದು ಕೂಗುತ್ತ ಮೆಟ್ಟಿಲಿಳಿದು ಓಡಿ ಬರುತ್ತಿದ್ದ. ಯೆಪ್ಪೆಯೂ ತಿರುಗಿದ. ರೇವಪ್ಪ ಹತ್ತಿರ ಬಂದು ನಿಂತ, ಉಸಿರು ಹತ್ತಿತ್ತು, ಬಾಯಿ ತೆರೆದರೆ ಏನು ಹೇಳುವುದು? ಸಾರಿ ಎಂಬುದೇನೋ ಬರುತ್ತಿತ್ತು, ಆದರೆ ಅದು ಕಾಲು ತುಳಿದರೂ ಅನ್ನುವ ಮಾತು, ಇಷ್ಟು ದೊಡ್ಡ ತಪ್ಪಿಗೆ ಬೇಕಾದದ್ದು ತನಗೆ ಬರುವ ಆ ಹತ್ತು ಹನ್ನೆರಡು ಇಂಗ್ಲಿಷು ಮಾತುಗಳಲ್ಲಿ ಇರಲಿಲ್ಲ.

ಹೆಗಲಿನ ಟವಲು ತೆಗೆದ. ಯೆಪ್ಪೆಯ ಕೈಯಿಂದ ಚೀಲ ಬಿಡಿಸಿ ನೆಲಕ್ಕಿಟ್ಟು, ಆ ಕೈಯ ಮೇಲೆ ಟವಲು ಹಾಕಿ, ಕೆಳಗಿನಿಂದ ತನ್ನ ಕೈ ಸೇರಿಸಿದ. ಆಮೇಲೆ ಹೊಳೆಯಿತು, ಈ ಭಾಷೆಯಲ್ಲೂ ಆ ಮಾತಿಗೆ ಬೆರಳಿಲ್ಲ. ಇಲ್ಲಿರುವುದು ಬರೀ ಅಂಕಿ. ರೇವಪ್ಪ ಅವನ ನಾಲ್ಕು ಬೆರಳು ಹಿಡಿದು ಒತ್ತಿದ. ಮತ್ತೆ ಒತ್ತಿದ. ನಾಲ್ಕು.

ಯೆಪ್ಪೆ ಟವಲನ್ನು ನೋಡಿದ, ರೇವಪ್ಪನ ಧೂಳು ಹಿಡಿದ ಪಾದ ನೋಡಿದ. ಕೈ ಎಳೆದುಕೊಳ್ಳಲಿಲ್ಲ. ಹಿಂಡಲೂ ಇಲ್ಲ. ಗಾಡಿ ಸಿಳ್ಳೆ ಹಾಕಿತು, ಡಬ್ಬಿಗಳು ಒಂದೊಂದಾಗಿ ಅಲುಗಿ ಹೊರಟವು. ಅವನು ತಲೆ ತಿರುಗಿಸಿ ಅವುಗಳನ್ನು ನೋಡಿದ, ಸೇತುವೆಯ ಮೇಲೆ ನಿಂತು ನೋಡಿದ ಹಾಗೆಯೇ. ರೇವಪ್ಪ ನಾಲ್ಕು ಬೆರಳನ್ನು ಬಿಡದೆ ನಿಂತಿದ್ದ, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಟವಲು ಖಾಲಿ ಇರಲಿಲ್ಲ.

ಕೊನೆಯ ಡಬ್ಬಿ ದಾಟಿದ ಮೇಲೆ ಟವಲಿನ ಕೆಳಗೆ ಆ ದೊಡ್ಡ ಕೈ ತಿರುಗಿ ಹಿಂಡಿತು, ಎಲುಬು ನೋಯುವಷ್ಟು.

ರೇವಪ್ಪ ನೀಲಿ ಚೀಲವನ್ನು ತಾನೇ ಹೆಗಲಿಗೇರಿಸಿದ. ಯೆಪ್ಪೆ ಕಸಿದುಕೊಳ್ಳಲು ಬಂದರೆ ಕೊಡಲಿಲ್ಲ. ಭಾರವಾಗಿತ್ತು. ಆಟ ನಾಲ್ಕು ಗಂಟೆಗೆ. ಅಷ್ಟರೊಳಗೆ ಮನೆಗೆ ಹೋಗಿ ಬಟ್ಟೆಯನ್ನೆಲ್ಲ ತಿರುಗಿ ಕಪಾಟಿನಲ್ಲಿಡಬೇಕಿತ್ತು.